ಎಡಗೈಯಲ್ಲಿ ಬರೆದ ಕಾರ್ಡು

ಅಂಗಡಿಗೆ ಬೋರ್ಡು ಇರಲಿಲ್ಲ. ಗಾಜಿನ ಬಾಗಿಲಿಗೆ ಒಳಗಡೆಯಿಂದ ಜಿಪ್ಪಕ್ಕ ಮೊಳದುದ್ದದ ಒಂದು ಹಿತ್ತಾಳೆ ಜಿಪ್ಪನ್ನು ತೂಗುಹಾಕಿದ್ದಳು, ಅಷ್ಟೇ. ಚಳಿ ಬಿತ್ತೆಂದರೆ ಸುತ್ತಮುತ್ತಲಿನ ಜನ ಜಿಪ್ಪಿನ ಹಲ್ಲು ಮುರಿದ, ಎಳೆಯುವ ರನ್ನರ್ ಕಿತ್ತುಬಂದ ಜಾಕೆಟ್ಟುಗಳನ್ನು ಹೊತ್ತು ಆ ಬಾಗಿಲಿಗೇ ಬರುತ್ತಿದ್ದರು. ಇಪ್ಪತ್ತೆಂಟು ವರ್ಷ ಜಿಪ್ಪು ಕಿತ್ತು ಜಿಪ್ಪು ಹೊಲಿದವಳಿಗೆ ಜಿಪ್ಪಕ್ಕ ಎಂಬ ಹೆಸರೇ ನಿಂತುಹೋಗಿತ್ತು. ಗಂಡ ಕೂಡ ಕೋಪವಿಲ್ಲದ ದಿನ ಹಾಗೇ ಕರೆಯುತ್ತಿದ್ದ. ಅವನು ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವವನು. ಚಳಿಗಾಲದಲ್ಲಿ ಇಬ್ಬರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿರುತ್ತಿರಲಿಲ್ಲ.

ಅಂಗಡಿಯ ಹಿಂದೆ ಎರಡು ಕೋಣೆ, ಅದೇ ಮನೆ. ಮೇಲಿನ ಮಹಡಿಯಲ್ಲಿ ಗಂಡನ ತಂಗಿ. ಮದುವೆಯಾಗದೆ ಉಳಿದು, ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ, ಈಚೆಗೆ ರಿಟೈರ್ ಆದವರು. ಬೀದಿಗೆಲ್ಲ ಅವರು ಟೀಚರ್. ತನಗಿಂತ ಎರಡು ವರ್ಷ ಚಿಕ್ಕವಳಾದ ಆ ನಾದಿನಿಯನ್ನು ಜಿಪ್ಪಕ್ಕನೂ ಟೀಚರ್ ಎಂದೇ ಕರೆಯುತ್ತಿದ್ದಳು, ‘ನೀವು’ ಎನ್ನುತ್ತಿದ್ದಳು. ಗೌರವಕ್ಕೆ ಅಂತ ಜನ ತಿಳಿದಿದ್ದರು. ಗೌರವಕ್ಕಲ್ಲ, ‘ನೀನು’ ಅನ್ನುವಷ್ಟು ಹತ್ತಿರ ಬಿಟ್ಟುಕೊಳ್ಳುವ ಮನಸ್ಸಿರಲಿಲ್ಲ.

ಕಾರಣ ಮಗಳು. ಅವಳು ಹುಟ್ಟಿದ ವರ್ಷದಿಂದಲೇ ಅಂಗಡಿ ಕುದುರಿತು. ಮಷೀನಿನ ಪಕ್ಕ ಮಗುವನ್ನು ಬಿಡುವಂತಿಲ್ಲ, ಸೂಜಿ, ಕತ್ತರಿ, ಕಾದ ಇಸ್ತ್ರಿಪೆಟ್ಟಿಗೆ. ಶಾಲೆ ಬಿಟ್ಟ ಮೇಲೆ ಪುಟ್ಟಿ ಅತ್ತೆಯ ಕೈ ಹಿಡಿದು ಬಂದು ಸೀದಾ ಮಹಡಿ ಹತ್ತುತ್ತಿದ್ದಳು. ಮೊದಲ ಹಲ್ಲು ಬಿದ್ದದ್ದು ಮೇಲೆ, ಮೊದಲ ಅಕ್ಷರ ತಿದ್ದಿದ್ದು ಮೇಲೆ, ಲೆಕ್ಕದಲ್ಲಿ ಫೇಲಾದ ಸುದ್ದಿ ಮೊದಲು ಹೇಳಿದ್ದೂ ಮೇಲೆಯೇ. ಒಮ್ಮೆ ‘ನನ್ನ ಮನೆ’ ಅಂತ ಒಂದು ಚಿತ್ರ ಬರೆದು ತಂದಿದ್ದಳು. ಚಿತ್ರದಲ್ಲಿ ಇಬ್ಬರೇ: ಒಬ್ಬಳು ಪುಟ್ಟಿ, ಇನ್ನೊಬ್ಬರಿಗೆ ಕನ್ನಡಕ. ಜಿಪ್ಪಕ್ಕನಿಗೆ ಆಗ ಕನ್ನಡಕ ಇರಲಿಲ್ಲ.

“ನಾನೆಲ್ಲೇ?” ಅಂತ ಕೇಳಿದ್ದಕ್ಕೆ, “ನೀನು ಕೆಳಗೆ ಅಂಗಡೀಲಿ ಇದೀಯಮ್ಮ, ಕಾಗದದಲ್ಲಿ ಜಾಗ ಸಾಕಾಗಲಿಲ್ಲ” ಅಂದಿತ್ತು ಮಗು. ಗಂಡ ಬಿದ್ದು ಬಿದ್ದು ನಕ್ಕಿದ್ದ. ಅವತ್ತು ಹೊಟ್ಟೆಯಲ್ಲಿ ಬಿದ್ದ ಕೆಂಡ ಇಪ್ಪತ್ತು ವರ್ಷವಾದರೂ ಆರಿರಲಿಲ್ಲ.

ಪುಟ್ಟಿ ಈಗ ಇನ್ನೊಂದು ಊರಿನಲ್ಲಿ ನರ್ಸು, ಹಾಸ್ಟೆಲಿನಲ್ಲಿ ವಾಸ. ಮೊಬೈಲುಗಳು ಇನ್ನೂ ಬಾರದ ಕಾಲ. ಮನೆಗೆಲ್ಲ ಸೇರಿ ಇದ್ದ ಒಂದು ಫೋನು ಜಿಪ್ಪಕ್ಕನ ಕೌಂಟರಿನ ಮೇಲಿತ್ತು. ಅವಳ ಕಿವಿ ತಪ್ಪಿಸಿ ಅದರಲ್ಲಿ ಯಾರೂ ಒಂದು ಮಾತೂ ಆಡುವ ಹಾಗಿರಲಿಲ್ಲ. ಹಾಗಾಗಿ ಮಗಳು ಕಾಗದ ಬರೆಯುತ್ತಿದ್ದಳು. ಪೋಸ್ಟ್‌ಮ್ಯಾನ್ ಎಲ್ಲವನ್ನೂ ಅಂಗಡಿಯಲ್ಲೇ ಕೊಟ್ಟುಹೋಗುತ್ತಿದ್ದ. ಅಪ್ಪ ಅಮ್ಮನಿಗೆ ಬಂದದ್ದು ಒಂದು ಹಾಳೆ: ಚೆನ್ನಾಗಿದ್ದೇನೆ, ಚಳಿ ಜಾಸ್ತಿ, ಔಷಧಿ ತಗೊಳ್ಳಿ. ಅತ್ತೆಗೆ ಬಂದದ್ದನ್ನು ಜಿಪ್ಪಕ್ಕ ಅಂಗೈಯಲ್ಲಿಟ್ಟು ತೂಗಿ ನೋಡುವಳು. ನಾಲ್ಕು ಹಾಳೆಗೆ ಕಮ್ಮಿ ಇರುತ್ತಿರಲಿಲ್ಲ. ಒಂದನ್ನೂ ಒಡೆದವಳಲ್ಲ. ಆದರೆ ಮೇಲೆ ಕೊಟ್ಟುಬರುವಾಗ ಮೆಟ್ಟಿಲಿನ ಮೇಲೆ ಬೇಕೆಂದೇ ಜೋರಾಗಿ ಹೆಜ್ಜೆ ಹಾಕುತ್ತಿದ್ದಳು.

ಡಿಸೆಂಬರ್ ಬಂತೆಂದರೆ ಇನ್ನೂ ಕಷ್ಟ. ಟೀಚರಿಗೆ ಹಳೆಯ ವಿದ್ಯಾರ್ಥಿಗಳಿಂದ ಕ್ರಿಸ್‌ಮಸ್ ಕಾರ್ಡುಗಳು ಬರುತ್ತಿದ್ದವು. ಅವರು ನಡುಮನೆಯ ಆ ಗೋಡೆಯಿಂದ ಈ ಗೋಡೆಗೆ ದಾರ ಕಟ್ಟಿ ಬಟ್ಟೆ ಒಣಹಾಕಿದಂತೆ ಎಲ್ಲವನ್ನೂ ಸಾಲಾಗಿ ತೂಗುಹಾಕುತ್ತಿದ್ದರು, ಮೂರು ಸಾಲು. ಜಿಪ್ಪಕ್ಕನಿಗೆ ಬರುತ್ತಿದ್ದದ್ದು ಎರಡು: ಒಂದು ಜಿಪ್ಪು ಸಪ್ಲೈ ಮಾಡುವ ಕಂಪನಿಯದು, ಅಚ್ಚಾದ ಸಹಿ; ಇನ್ನೊಂದು ಮಗಳದು.

ಆ ವರ್ಷ ಡಿಸೆಂಬರಿನ ಮೊದಲ ವಾರ ಮುಂಬಾಗಿಲ ಮೆಟ್ಟಿಲ ಮೇಲೆ ನೀರು ಹೆಪ್ಪುಗಟ್ಟಿ ಗಾಜಿನಂತಾಗಿತ್ತು. ಹಾಲು ತರಲು ಹೊರಟ ಟೀಚರು ಜಾರಿ ಬಿದ್ದರು. ಬಲ ಮಣಿಕಟ್ಟು ಮುರಿಯಿತು. ಬೆರಳ ತುದಿಯಿಂದ ಮೊಣಕೈವರೆಗೆ ಪ್ಲಾಸ್ಟರು. ಫೋನಿನಲ್ಲಿ ಪುಟ್ಟಿಗೂ ತಿಳಿಸಿದ್ದಾಯಿತು.

ಮೂರನೇ ದಿನ ಅವರು ಕತ್ತಿಗೆ ತೂಗುಪಟ್ಟಿ ಹಾಕಿಕೊಂಡು ಅಂಗಡಿಗೆ ಇಳಿದು ಬಂದರು.

“ಅತ್ತಿಗೆ, ಒಂದು ಸಹಾಯ ಆಗಬೇಕಿತ್ತು. ಕೆಲಸದ ಹೊತ್ತಲ್ಲಿ ಕೇಳ್ತಿದೀನಿ, ಬೇಜಾರು ಮಾಡ್ಕೋಬೇಡಿ.”

“ಹೇಳಿ ಟೀಚರ್.”

“ಕಾರ್ಡು ಬರೀಬೇಕು. ನಾನು ಹೇಳ್ತಾ ಹೋಗ್ತೀನಿ, ನೀವು ಬರೀತೀರಾ?”

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆ ಮೂರು ಸಾಲು ಕಾರ್ಡುಗಳಿಗೆ ಟೀಚರು ಏನು ಬರೆದು ಕಳಿಸುತ್ತಾರೆ ಎಂಬ ಕುತೂಹಲ ಅವಳಿಗೆ ಎಷ್ಟೋ ವರ್ಷಗಳದ್ದು. “ಸರಿ, ಸಂಜೆ ಅಂಗಡಿ ಮುಚ್ಚಿ ಬರ್ತೀನಿ” ಅಂದಳು.

ಟೀಚರ ಓಡಾಟದ ಕೆಲಸವೆಲ್ಲ ಅವಳ ತಲೆಗೇ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲಿಗೆ ‘ಈಗ ಬರುತ್ತೇನೆ’ ಚೀಟಿ ಅಂಟಿಸಿ ಹೊರಡುವಳು. ಔಷಧಿ ಅಂಗಡಿಯಲ್ಲಿ ನೋವಿನ ಮಾತ್ರೆ, ಚಪ್ಪಲಿ ರಿಪೇರಿಯವನ ಹತ್ತಿರ ಜಾರದ ಅಟ್ಟೆ ಹಾಕಿಸಲು ಕೊಟ್ಟ ಬೂಟು, ಒಡೆದ ಬಿಸಿನೀರಿನ ಚೀಲಕ್ಕೆ ಬದಲು ಹೊಸದು. ಪುಸ್ತಕದಂಗಡಿಯಲ್ಲಿ ಬೋಳು ಕೊಂಬೆಯ ಮೇಲೆ ಕೆಂಪೆದೆಯ ಹಕ್ಕಿ ಕೂತಿದ್ದ ಕಾರ್ಡಿನ ಆರು ಪ್ಯಾಕೆಟ್ಟು ಆರಿಸಿ ತಂದಳು. ಅಂಚೆ ಕಚೇರಿಯಲ್ಲಿ ಅಂಚೆಚೀಟಿಯ ಸಾಲು ಬಾಗಿಲಾಚೆಗೂ ಬೆಳೆದು ಎಲ್ಲರ ಬಾಯಿಂದಲೂ ಹೊಗೆಯಂತೆ ಉಸಿರು ಹೊರಡುತ್ತಿತ್ತು.

“ಅರವತ್ತೆರಡಾ?” ಅಂದ ಕೌಂಟರಿನ ಗುಮಾಸ್ತ. “ಏನು ಜಿಪ್ಪಕ್ಕ, ಈ ಸಲ ಬಳಗ ದೊಡ್ಡದಾಗಿದೆ?”

“ನಂದಲ್ಲಪ್ಪ, ಟೀಚರದ್ದು” ಅಂದಳು.

“ಹಾಗೆ ಹೇಳಿ ಮತ್ತೆ” ಅಂತ ಅವನು ಒಪ್ಪಿಕೊಂಡುಬಿಟ್ಟ ರೀತಿಗೆ ಅವಳಿಗೆ ಮೈ ಉರಿದುಹೋಯಿತು. ಇವನ ಕೋಟಿಗೆ ಎರಡು ಸಲ ಜಿಪ್ಪು ಹಾಕಿಕೊಟ್ಟವಳು ತಾನು.

ಮೂರು ಸಂಜೆ ಬರೆದಳು. ಹೀಟರಿನ ಪಕ್ಕ ಮೇಜು, ಮೇಜಿನ ಮೇಲೆ ಚಹಾ. ಟೀಚರು ಕಣ್ಣು ಮುಚ್ಚಿ ಹೇಳುವರು. ಒಂದು ಕಾರ್ಡಿನಂತೆ ಇನ್ನೊಂದಿರಲಿಲ್ಲ. ಬೇಕರಿ ಇಟ್ಟವನಿಗೆ: ‘ಏಳರ ಮಗ್ಗಿ ಈಗಲಾದರೂ ಬಂತೇನೋ, ಅಥವಾ ಏಳು ಬ್ರೆಡ್ಡು ಕೇಳಿದವರಿಗೆ ಎಂಟು ಕೊಡ್ತಿದೀಯಾ?’ ಪೊಲೀಸ್ ಆದವನಿಗೆ: ‘ನನ್ನ ಸೀಮೆಸುಣ್ಣ ಕದ್ದದ್ದು ನೀನೇ ಅಂತ ಆಗಲೇ ಗೊತ್ತಿತ್ತು.’ ಜಿಪ್ಪಕ್ಕ ಬೇಡವೆಂದರೂ ನಕ್ಕುಬಿಡುತ್ತಿದ್ದಳು. ನಕ್ಕ ಮೇಲೆ ಇನ್ನಷ್ಟು ಸಂಕಟ. ಮೂವತ್ತು ವರ್ಷದ ಹಿಂದಿನ ಒಂದೊಂದು ಮಗುವಿನ ಮೂಗು, ಮೊಂಡಾಟ ಎಲ್ಲವೂ ಈ ಹೆಂಗಸಿಗೆ ನೆನಪಿದೆ. ತನಗೆ ನೆನಪಿರುವುದು ಕೋಟುಗಳು. ಈ ಅರವತ್ತೆರಡು ಜನರ ಮೇಲೆ ತನಗೇನೂ ಹಕ್ಕಿಲ್ಲ, ಸರಿ. ಅರವತ್ತೆರಡು ಜನ ಇರುವವಳಿಗೆ ಅರವತ್ಮೂರನೆಯದಾಗಿ ತನ್ನ ಮಗಳೂ ಯಾಕೆ ಬೇಕಿತ್ತು?

ಕೊನೆಯ ಸಂಜೆ ಪಟ್ಟಿ ಮುಗಿಯಿತು. ಜಿಪ್ಪಕ್ಕ ಪೆನ್ನು ಕೆಳಗಿಡಲಿಲ್ಲ.

“ಪುಟ್ಟಿಗೆ ಬರೆಯೋದು ಬಿಟ್ಟುಹೋಯ್ತಲ್ಲ ಟೀಚರ್?”

ಟೀಚರು ಚಹಾದ ಲೋಟ ನೋಡಿದರು. “ಅದನ್ನ ನಾನೇ ಬರೀತೀನಿ ಅತ್ತಿಗೆ. ಎಡಗೈಲಿ.”

“ಯಾಕೆ, ನಾನು ಬರೆದರೆ ಅವಳಿಗೆ ಓದೋಕೆ ಬರಲ್ವಾ?”

“ಹಾಗಲ್ಲ...” ಅಂದರು, ಎಡಗೈಯಲ್ಲಿ ಲೋಟಗಳನ್ನು ಒಂದೊಂದಾಗಿ ಎತ್ತಿಡತೊಡಗಿದರು.

ಮರುದಿನ ಬೆಳಿಗ್ಗೆ ಅರವತ್ತೆರಡರ ಕಟ್ಟಿನ ಮೇಲೆ ಅರವತ್ಮೂರನೆಯ ಲಕೋಟೆ ಇತ್ತು. ವಿಳಾಸದ ಅಕ್ಷರಗಳು ಒಂದೊಂದೂ ಒಂದೊಂದು ಕಡೆಗೆ ವಾಲಿದ್ದವು, ಆಗತಾನೇ ನಡೆಯಲು ಕಲಿತ ಮಕ್ಕಳ ಹಾಗೆ. ಜಿಪ್ಪಕ್ಕ ಅರವತ್ತೆರಡನ್ನು ಪೆಟ್ಟಿಗೆಗೆ ಹಾಕಿದಳು. ಒಂದನ್ನು ಕೈಚೀಲದಲ್ಲೇ ಇಟ್ಟುಕೊಂಡು ವಾಪಸು ಬಂದಳು.

ಎರಡು ದಿನ ಅದು ಕೈಚೀಲದಲ್ಲಿತ್ತು. ನಾಳೆ ಹಾಕಿದರಾಯಿತು ಅಂದುಕೊಳ್ಳುವಳು. ಮೂರನೆಯ ದಿನ ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಕಾದು ಬುಸುಗುಡುತ್ತಿತ್ತು. ದಪ್ಪ ಕೋಟುಗಳ ಹೊಲಿಗೆ ಮಟ್ಟ ಮಾಡುವ ಹಬೆಯ ಪೆಟ್ಟಿಗೆ ಅದು. ಅವಳು ಬಾಗಿಲಿಗೆ ಚೀಟಿ ಅಂಟಿಸಿ ಬಂದು ಲಕೋಟೆಯ ಬೆನ್ನನ್ನು ಹಬೆಗೆ ಹಿಡಿದಳು. ಅಂಟು ಸುಲಭವಾಗಿ ಬಿಟ್ಟುಕೊಂಡಿತು. ಇಷ್ಟು ಸುಲಭ ಅಂತ ಮೊದಲೇ ಗೊತ್ತಿದ್ದಿದ್ದರೆ, ಅಂತ ಒಂದು ಯೋಚನೆ ಬಂದು ಅವಳಿಗೇ ನಾಚಿಕೆಯಾಯಿತು. ಆದರೂ ಓದಿದಳು.

‘ಪುಟ್ಟಿ, ಎಡಗೈ ಬರಹ, ನಗಬೇಡ. ನಿನ್ನ ಕಾಗದ ಮೂರು ಸಲ ಓದಿದೆ. ನಿನಗಿಂತ ಒಂಬತ್ತು ವರ್ಷ ದೊಡ್ಡವರು, ಹೆಂಡತಿ ತೀರಿಕೊಂಡವರು ಅಂತ ಹೆದರಬೇಡ. ಒಳ್ಳೆಯವರಾದರೆ ಸಾಕು. ಇಪ್ಪತ್ಮೂರಕ್ಕೆ ಅವರನ್ನು ಕರೆದುಕೊಂಡು ಮೊದಲು ನನ್ನ ಹತ್ತಿರ ಬಾ. ಅಮ್ಮನಿಗೆ ಈಗಲೇ ಹೇಳಬೇಡ, ಕೂಗಾಡುತ್ತಾರೆ. ಅವರನ್ನು ಒಪ್ಪಿಸುವುದು ನನಗೆ ಬಿಡು. ಅತ್ತೆ.’

ಒಂಬತ್ತು ವರ್ಷ ದೊಡ್ಡವನು, ಎರಡನೇ ಮದುವೆ ಎಂಬ ಯಾವ ಮಾತೂ ಜಿಪ್ಪಕ್ಕನ ತಲೆಗೆ ಹೋಗಲಿಲ್ಲ. ಅವನು ಮುದುಕನಾಗಿದ್ದರೂ ಅವಳು ಆ ಕ್ಷಣ ಕೇಳುತ್ತಿರಲಿಲ್ಲ. ‘ಮೊದಲು ನನ್ನ ಹತ್ತಿರ ಬಾ.’ ಅದೊಂದು ಸಾಲು ಕಣ್ಣಿಗೆ ಮುಳ್ಳು ಚುಚ್ಚಿದಂತೆ ಚುಚ್ಚಿತು. ಹೆತ್ತವಳನ್ನು ಒಪ್ಪಿಸುವ ಗುತ್ತಿಗೆ ಇವಳು ಹಿಡಿದಿದ್ದಾಳೆ! ಕೂಗಾಡುತ್ತಾರಂತೆ!

ಹಕ್ಕಿಯ ಕಾರ್ಡು ಪ್ಯಾಕೆಟ್ಟಿನಲ್ಲಿ ಇನ್ನೂ ಮಿಕ್ಕಿದ್ದವು. ಒಂದನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಪೆನ್ನನ್ನು ಎಡಗೈಗೆ ತೆಗೆದುಕೊಂಡಳು. ಎಡಗೈ ಬರಹಕ್ಕೆ ಯಾರದು ಅಂತ ಗುರುತಿರುವುದಿಲ್ಲ. ನಾಲಿಗೆ ಕಚ್ಚಿ ಹಿಡಿದು ಒಂದೊಂದೇ ಅಕ್ಷರ ಬರೆದಳು.

‘ಪುಟ್ಟಿ, ಅವರನ್ನು ನನ್ನ ಹತ್ತಿರ ಕರೆದುಕೊಂಡು ಬರಬೇಡ. ಮೊದಲು ಅಮ್ಮನ ಹತ್ತಿರ ಹೋಗು.’

ಇಷ್ಟೇ ಬರೆಯಬೇಕೆಂದು ಕೂತದ್ದು. ಆದರೆ ಕೈ ನಿಲ್ಲಲಿಲ್ಲ. ‘ಎಲ್ಲದಕ್ಕೂ ನನ್ನ ಹತ್ತಿರ ಓಡಿ ಬರುವುದು ಇನ್ನು ಸಾಕು. ಅತ್ತೆ.’

ಅದೇ ಲಕೋಟೆಗೆ ಹಾಕಿ, ಗೋಂದು ಹಚ್ಚಿ, ಜಿಪ್ಪಿನ ಡಬ್ಬಿಯನ್ನು ಮೇಲೆ ಹೇರಿ ಒಣಗಿಸಿ, ಸಂಜೆಯೊಳಗೆ ಅಂಚೆಪೆಟ್ಟಿಗೆಗೆ ಹಾಕಿ ಬಂದಳು. ಟೀಚರು ಬರೆದ ಕಾರ್ಡನ್ನು ದಾರದುಂಡೆಗಳ ಡ್ರಾಯರಿನ ತಳದಲ್ಲಿಟ್ಟಳು. ಹರಿದುಹಾಕಲು ಮನಸ್ಸು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಅವಳಿಗೂ ಗೊತ್ತಾಗಲಿಲ್ಲ.

ಆಮೇಲಿನ ಹತ್ತು ದಿನ ಅವಳು ಹಿಂದಿನ ಕೋಣೆಯ ಪರದೆ ಒಗೆದಳು, ಅಲುಗಾಡುವ ಕುರ್ಚಿಗೆ ಮೊಳೆ ಹೊಡೆಸಿದಳು, ಬಿರುಕು ಬಿಟ್ಟ ಕಪ್ಪುಗಳನ್ನೆಲ್ಲ ಎತ್ತಿಟ್ಟು ಹೊಸದು ತಂದಳು.

“ಏನೇ ಇದು, ಯಾರಾದರೂ ದೊಡ್ಡ ಮನುಷ್ಯರು ಬರ್ತಿದಾರಾ?” ಅಂತ ಗಂಡ ಕೇಳಿದ.

“ವರ್ಷಕ್ಕೊಂದು ಸಲ ಮನೆ ಮನೆಯಾಗಿರಬಾರದೇನ್ರೀ?”

“ಇರಲಿ, ಇರಲಿ. ನಾನು ಎಲ್ಲಿ ಕೂತ್ಕೋಬೇಕು ಅಂತ ಮಾತ್ರ ಹೇಳು” ಅಂದ ಅವನು.

ಇಪ್ಪತ್ಮೂರನೇ ತಾರೀಖು ಮಧ್ಯಾಹ್ನ ಗಾಜಿನ ಬಾಗಿಲು ತೆರೆಯಿತು. ಮಗಳು, ಅವಳ ಹಿಂದೆ ಎತ್ತರದ ಒಬ್ಬ ಗಂಡಸು. ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು. ಕೈಗವಸು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ.

“ಅಮ್ಮ, ಇವರು ನಮ್ಮ ಆಸ್ಪತ್ರೆ ಆಂಬುಲೆನ್ಸ್ ಓಡಿಸ್ತಾರೆ. ನಾನು... ನಿನಗೆ ಒಂದು ವಿಷಯ ಹೇಳಬೇಕು.”

ಮಹಡಿ ಹತ್ತಿರಲಿಲ್ಲ. ಮೊದಲು ತನ್ನ ಹತ್ತಿರ ಬಂದಿದ್ದಳು. ಜಿಪ್ಪಕ್ಕ ಹತ್ತು ದಿನ ಬಾಯಿಪಾಠ ಮಾಡಿಟ್ಟ ಆಶ್ಚರ್ಯವನ್ನೆಲ್ಲ ಮುಖದ ಮೇಲೆ ತಂದುಕೊಂಡು ಎಲ್ಲ ಕೇಳಿದಳು. ತೀರಿಕೊಂಡ ಹೆಂಡತಿಯ ವಿಷಯವನ್ನು ಅವನೇ ಹೇಳಿದ. ಸುಳ್ಳು ಸೇರಿಸಲಿಲ್ಲ, ಕನಿಕರ ಗಿಟ್ಟಿಸಲೂ ನೋಡಲಿಲ್ಲ. ಅವನು ಹಿಡಿಸಿಬಿಟ್ಟ, ಅದು ಅವಳು ಎಣಿಸದ ಸಂಗತಿ.

“ನಿನಗೆ ಒಪ್ಪಿಗೆ ಆದ್ರೆ ನಮಗೆ ಆಯ್ತು ಕಣೇ. ನಾನೇನು ಕೂಗಾಡ್ತೀನಿ ಅಂದ್ಕೊಂಡಿದ್ಯಾ?”

ಪುಟ್ಟಿಯ ಕಣ್ಣು ತುಂಬಿತು. ಅಮ್ಮನ ಕೈ ಹಿಡಿದುಕೊಂಡಳು. ಆದರೆ ಆ ಮುಖದಲ್ಲಿ ಇರಬೇಕಾದ ಬೆಳಕು ಇರಲಿಲ್ಲ. ಹೊಸ ಕಪ್ಪಿನಲ್ಲಿ ಕೊಟ್ಟ ಚಹಾ ಆರಿಹೋಗುತ್ತಿತ್ತು.

“ಮೇಲೆ ಹೋಗಿ ಹೇಳ್ಬಾ, ನಿಮ್ಮ ಅತ್ತೆಗೆ” ಅಂದಳು ಜಿಪ್ಪಕ್ಕ. ಗೆದ್ದವಳಿಗೆ ಇಷ್ಟು ಔದಾರ್ಯ ಕಷ್ಟವಲ್ಲ.

“ಬೇಡಮ್ಮ.”

“ಯಾಕೆ?”

ಮಗಳು ಆರಿದ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದಳು. ಆಂಬುಲೆನ್ಸಿನವನೇ ಮೆಲ್ಲಗೆ ಹೇಳಿದ: “ಅತ್ತೆಯವರ ಕಾರ್ಡು ಬಂದ ದಿನ ಇವಳು ಡ್ಯೂಟಿಗೆ ಹೋಗಲಿಲ್ಲ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾನು ಹೆಂಡತಿ ಸತ್ತವನು ಅಂತ ಅವರಿಗೆ ಅಸಹ್ಯ ಆಯ್ತೇನೋ ಅಂತ ಇವಳ ಅನುಮಾನ.”

ಪುಟ್ಟಿ ಚೀಲದಿಂದ ಹಕ್ಕಿಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. “ನೋಡು. ಇನ್ನು ಸಾಕು ಅಂತೆ. ನನಗೆ ಹೀಗೆ ಬರೆಯೋ ಅಂಥದ್ದು ನಾನೇನು ಮಾಡಿದೆ?”

ಜಿಪ್ಪಕ್ಕನಿಗೆ ತನ್ನ ಅಕ್ಷರಗಳನ್ನು ನೋಡಲಾಗಲಿಲ್ಲ. ಮಗಳು ಎರಡು ದಿನ ಉಪವಾಸ ಬಿದ್ದಳು. ಇದು ಲೆಕ್ಕದಲ್ಲಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ತಡೆಯಲಾಗಲಿಲ್ಲ: ತಾನು ಹೀಗೆ ಬರೆದಿದ್ದರೆ ಉಪವಾಸ ಬೀಳುತ್ತಿದ್ದಳೇ?

ಅಷ್ಟರಲ್ಲಿ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಟೀಚರು ಬೆಳಿಗ್ಗೆಯಿಂದ ಕಿಟಕಿಯಲ್ಲಿ ಕಾದಿದ್ದರು. ಇಬ್ಬರೂ ಬೀದಿ ದಾಟಿ ಬಂದದ್ದನ್ನು, ಅಂಗಡಿಯೊಳಗೆ ಹೋದದ್ದನ್ನು, ಅರ್ಧ ಗಂಟೆಯಾದರೂ ಮೇಲೆ ಬಾರದ್ದನ್ನು ನೋಡಿ, ಎಡಗೈಯಲ್ಲಿ ಕಂಬಿ ಹಿಡಿದು ಇಳಿದು ಬಂದಿದ್ದರು.

“ಪುಟ್ಟಿ?” ಅಂದರು.

ಪುಟ್ಟಿ ಎದ್ದು ನಿಂತಳು, ಹತ್ತಿರ ಹೋಗಲಿಲ್ಲ. “ಅತ್ತೆ, ಇದು ನೀನೇ ಬರೆದದ್ದಾ?”

ಟೀಚರು ಕಾರ್ಡು ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡರು. ಮೂರೇ ಸಾಲು, ಓದಲು ಬಹಳ ಹೊತ್ತು ತೆಗೆದುಕೊಂಡರು. ಆಮೇಲೆ ತಲೆ ಎತ್ತಿ ಅತ್ತಿಗೆಯನ್ನು ನೋಡಿದರು. ಜಿಪ್ಪಕ್ಕ ಇಸ್ತ್ರಿಪೆಟ್ಟಿಗೆಯ ಕಡೆ ನೋಡುತ್ತಿದ್ದಳು. ಈಗ ಬೀಳುತ್ತದೆ ಸಿಡಿಲು, ಈಗ ಬೀಳುತ್ತದೆ ಅಂತ ಎಣಿಸುತ್ತ ಕಾದಳು.

“ಹೌದು, ನಾನೇ” ಅಂದರು ಟೀಚರು. “ಪೆನ್ನು ಕೊಡಿ ಅತ್ತಿಗೆ.”

ಪೆನ್ನು ಎಡಗೈಗೆ ತೆಗೆದುಕೊಂಡು, ಬಗ್ಗಿ, ಮೂರನೆಯ ಸಾಲಿನ ಮೇಲೆ ಒಂದು ಗೆರೆ ಎಳೆದರು. “ಅಮ್ಮನ ಹತ್ತಿರ ಮೊದಲು ಹೋಗು ಅಂದದ್ದು ಸರಿ. ಈ ಕೊನೆ ಸಾಲು ತಪ್ಪು. ನೋವಿನ ಮಾತ್ರೆ ತಗೊಂಡು ಬರೆದದ್ದು, ತಲೆ ಸರಿ ಇರಲಿಲ್ಲ. ಅದನ್ನ ಓದಿಲ್ಲ ಅಂದ್ಕೋ.”

ಪುಟ್ಟಿ ಓಡಿಹೋಗಿ ಅವರ ಕತ್ತು ತಬ್ಬಿದಳು. ಪ್ಲಾಸ್ಟರ್ ಹಾಕಿದ ಕೈ ಇಬ್ಬರ ಮಧ್ಯೆ ಸಿಕ್ಕಿಕೊಂಡು ಟೀಚರು “ಅಯ್ಯೋ ಕೈ, ಕೈ” ಅಂದರು. ಇಬ್ಬರೂ ಅಳುತ್ತ ನಗತೊಡಗಿದರು. ಮುಖದಲ್ಲಿ ಇರಬೇಕಾದ ಬೆಳಕು ಈಗ ಬಂದಿತ್ತು. ಜಿಪ್ಪಕ್ಕ ಮೇಜಿನ ಈಚೆ ನಿಂತು ನೋಡಿದಳು. ಕಳ್ಳತನ ಮಾಡಿದ್ದು ತಾನು, ಅದನ್ನು ಮುಚ್ಚಿ ದೊಡ್ಡವಳಾದದ್ದು ಅವಳು. ಇದನ್ನೂ ಅವಳೇ ಗೆದ್ದಳು! ಕಣ್ಣಲ್ಲಿ ನೀರು ಬಂತು. ನೋಡಿದವರು ಸಂತೋಷಕ್ಕೆ ಅಂದುಕೊಂಡರು. ಗಂಡ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತು, “ಎಲ್ಲರೂ ಅಳ್ತಿದೀರಾ, ಒಳ್ಳೇ ಸುದ್ದೀನಾ ಕೆಟ್ಟ ಸುದ್ದೀನಾ?” ಅಂತ ಕೇಳಿದ.

ಪುಟ್ಟಿ ಮತ್ತು ಅವಳ ಗೆಳೆಯ ಇಪ್ಪತ್ತಾರಕ್ಕೆ ಹೊರಟುಹೋದರು. ಅದೇ ಮಧ್ಯಾಹ್ನ ಜಿಪ್ಪಕ್ಕ ಡ್ರಾಯರಿನ ತಳದಿಂದ ಕಾರ್ಡು ತೆಗೆದು ಮೇಲೆ ಹೋದಳು. ಟೀಚರು ದಾರದಿಂದ ಜಾರಿದ ಕಾರ್ಡುಗಳನ್ನು ಒಂದೇ ಕೈಯಲ್ಲಿ ಸಿಕ್ಕಿಸುತ್ತಿದ್ದರು.

“ತಗೊಳ್ಳಿ. ನಾನು ತೆಗೆದು ಓದಿದೆ.”

“ಗೊತ್ತು.”

“ಬೈಯಿರಿ.”

ಟೀಚರು ಕಾರ್ಡು ಇಸಿದುಕೊಂಡರು. ಓದದೆ ಮೇಜಿನ ಮೇಲೆ ಕುಕ್ಕಿದರು. “ಇದನ್ನ ಬರೆಯೋಕೆ ನನಗೆ ಒಂದು ಗಂಟೆ ಬೇಕಾಯ್ತು ಅತ್ತಿಗೆ. ನಿಮಗೆ ಎಷ್ಟು ಹೊತ್ತಾಯ್ತು?”

“ಅಷ್ಟೇ.”

“ಪುಟ್ಟಿ ಮುಂದೆ ಸುಳ್ಳು ಹೇಳಿದ್ದು ನಿಮಗೋಸ್ಕರ ಅಲ್ಲ. ಅಮ್ಮ ಹೀಗೆ ಮಾಡಿದಳು ಅಂತ ಆ ಹುಡುಗಿ ಜೀವನ ಪೂರ್ತಿ ಹೊತ್ಕೊಂಡು ತಿರುಗೋದು ನನಗೆ ಬೇಡವಾಗಿತ್ತು, ಅಷ್ಟೇ.” ಸ್ವಲ್ಪ ತಡೆದು, “ನಾನೂ ತಪ್ಪು ಬರೆದಿದ್ದೆ. ಮೊದಲು ನನ್ನ ಹತ್ತಿರ ಅಂತ ಬರೀಬಾರದಿತ್ತು. ಬರೆಯುವಾಗ ಖುಷಿ ಆಗಿತ್ತು, ಸುಳ್ಳು ಯಾಕೆ ಹೇಳಲಿ” ಅಂದರು.

“ನನಗೂ ಆಗಿತ್ತು” ಅಂದಳು ಜಿಪ್ಪಕ್ಕ. “ಬರೆಯುವಾಗ.”

ಅದಕ್ಕೆ ಇಬ್ಬರೂ ನಗಲಿಲ್ಲ. ಕ್ಷಮಿಸಿದೆ ಅಂತ ಒಬ್ಬರು ಹೇಳಲಿಲ್ಲ, ಕ್ಷಮಿಸಿ ಅಂತ ಇನ್ನೊಬ್ಬರು ಕೇಳಲಿಲ್ಲ.

ಜನವರಿಯಲ್ಲಿ ಪ್ಲಾಸ್ಟರು ಬಿಚ್ಚಿದರು. ಆಮೇಲೆ ಟೀಚರು ಔಷಧಿಗೂ ಹಾಲಿಗೂ ಅತ್ತಿಗೆಯನ್ನೇ ಕಳಿಸುತ್ತಿದ್ದರು, ಮುಂಚಿನ ಹಾಗೇ ಮಾತಾಡಿಸುತ್ತಿದ್ದರು. ಅಂಚೆಗೆ ಮಾತ್ರ ಯಾರ ಕೈಲೂ ಕೊಡಲಿಲ್ಲ. ವಾರಕ್ಕೊಮ್ಮೆ ಕೋಟು ತೊಟ್ಟು, ಹೊಸ ಅಟ್ಟೆಯ ಬೂಟು ಹಾಕಿ, ಕೆಸರು ಮಂಜಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ತಾವೇ ಹೋಗುತ್ತಿದ್ದರು. ಅಂಗಡಿಯ ಗಾಜಿನಾಚೆ ಅವರು ಹಾಗೆ ಹೋಗುವುದನ್ನು ಜಿಪ್ಪಕ್ಕ ಮಷೀನು ನಿಲ್ಲಿಸಿ ನೋಡುವಳು. ಬೈದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಇದು ವಾರ ವಾರ ಬರುತ್ತಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಬೀದಿ ಮತ್ತೆ ಹೆಪ್ಪುಗಟ್ಟಿತ್ತು. ಟೀಚರು ಮೆಟ್ಟಿಲಿಳಿದು, ಗೋಡೆ ಹಿಡಿದು, ಮುಂದೆ ಹಿಡಿಯಲು ಗೋಡೆಯಿಲ್ಲದ ಕಡೆ ನಿಂತುಬಿಟ್ಟಿದ್ದರು. ಜಿಪ್ಪಕ್ಕ ಅರ್ಧ ಹೊಲಿದ ಜಾಕೆಟ್ಟನ್ನು ಮಷೀನಿನ ಮೇಲೇ ಬಿಟ್ಟು ಹೊರಗೆ ಬಂದಳು. ಏನೂ ಹೇಳದೆ ತೋಳು ಮುಂದೆ ಮಾಡಿದಳು. ಟೀಚರು ಅವಳ ತೋಳು ಹಿಡಿದುಕೊಂಡರು. ಲಕೋಟೆಯನ್ನು ಇನ್ನೊಂದು ಕೈಯಲ್ಲೇ ಇಟ್ಟುಕೊಂಡರು.

ಅಂಚೆಪೆಟ್ಟಿಗೆಯ ಮುಂದೆ ಟೀಚರು ಲಕೋಟೆ ಮೇಲೆತ್ತಿದಾಗ ಜಿಪ್ಪಕ್ಕನ ಕತ್ತು ತಾನಾಗಿಯೇ ಉದ್ದವಾಯಿತು.

“ಪುಟ್ಟಿಗೇ” ಅಂದರು ಟೀಚರು. “ಒಳಗೆ ಏನಿದೆ ಅಂತ ಬೇಕಿದ್ದರೆ ಕೇಳಿ, ಹೇಳ್ತೀನಿ.”

“ಬೇಡ” ಅಂದಳು ಜಿಪ್ಪಕ್ಕ.

ಬೇಕಿತ್ತು. ಲಕೋಟೆ ಪೆಟ್ಟಿಗೆಯ ತಳಕ್ಕೆ ಬಿದ್ದ ಸದ್ದು ದಪ್ಪನೆಯದಾಗಿತ್ತು, ನಾಲ್ಕು ಹಾಳೆಯದಾದರೂ ಇರಬೇಕು.